ಹಬಾಲಿ ಗುಡ್ಡದ ಹೂವು

ತಕ್ಕಡಿಗೆ ಹಾಕಿದರೆ ಬಸಿಲಿಯಾ ನಲವತ್ತಾರು ಕಿಲೊ ತೂಗಿಯಾಳು, ಅದರಲ್ಲೂ ಒಂದು ಕಿಲೊ ಜಡೆಯದ್ದೆಂದು ಕಳೆಯಬೇಕು. ಮೈ ಒರಟು, ಬಣ್ಣ ಹೊಗೆ ಕುಡಿದದ್ದು. ಬಲಗೈ ಹೆಬ್ಬೆರಳಿನ ಉಗುರು ಅರಕ್ಕೆ ಸಿಕ್ಕಿ ಹೋದದ್ದು ಮತ್ತೆ ಬಂದಿಲ್ಲ. ಮೂವತ್ತು ವರ್ಷ ಭೂತಗನ್ನಡಿಗೆ ಅಂಟಿಕೊಂಡು ಎಡಗಣ್ಣು ಸಣ್ಣದಾಗಿದೆ. ಸಿಮೊಹೊವೆಲ್ ಊರಿನ ಚೌಕದಲ್ಲಿ ಬೆಂಚಿನ ಮೇಲೆ ಅವಳು ಕೂತಿದ್ದರೆ ಪರವೂರಿನ ವ್ಯಾಪಾರಿ ಎರಡನೇ ದರ್ಜೆ ಮಾಲು ಎಂದು ಕಣ್ಣಿನಲ್ಲೇ ಬದಿಗೆ ಸರಿಸಿ ಮುಂದೆ ಹೋಗುತ್ತಾನೆ. ಊರಿನವರು ಹಾಗೆ ಹೋಗುವುದಿಲ್ಲ. ಗುಡ್ಡದಿಂದ ಬಂದ, ಮರದ ಅಂಟು ಕಲ್ಲಾದ ಅಂಬರ್ ಉಂಡೆಯ ಕರಿ ಸಿಪ್ಪೆಯ ಮೇಲೆ ಎಲ್ಲಿ ಅರ ಇಟ್ಟರೆ ಒಳಗಿನದು ಕಾಣುತ್ತದೆಂದು ಮುಟ್ಟಿ ಹೇಳಬಲ್ಲವರು ಈ ಕಣಿವೆಯಲ್ಲಿ ಮೂರೇ ಜನ. ಮಿಕ್ಕ ಇಬ್ಬರು ಕುಡಿಯುತ್ತಾರೆ.

ಆ ಕೆಲಸಕ್ಕೆ ಇಲ್ಲಿ ಕಿಟಕಿ ತೆಗೆಯುವುದು ಎನ್ನುತ್ತಾರೆ. ಉಂಡೆಯ ಒಂದು ಬದಿಯನ್ನು ಕಾಸಿನಗಲ ಕೆರೆದು, ಉಪ್ಪುಕಾಗದದಲ್ಲಿ ತಿಕ್ಕಿ, ಹಳೆಯ ಜೀನ್ಸ್ ಬಟ್ಟೆಗೆ ಹಲ್ಲಿನ ಪೇಸ್ಟು ಹಚ್ಚಿ ಉಜ್ಜಿದರೆ ಜೇನಿನೊಳಕ್ಕೆ ಇಣುಕಿದ ಹಾಗಾಗುತ್ತದೆ. ಒಳಗೆ ಇರುವೆ ಇದ್ದರೆ ಒಂದು ಬೆಲೆ, ಜೇಡ ಇದ್ದರೆ ಇನ್ನೊಂದು. ಚೇಳು ಸಿಕ್ಕವನು ಆ ವಾರ ಯಾರ ನಮಸ್ಕಾರಕ್ಕೂ ತಿರುಗಿ ನೋಡುವುದಿಲ್ಲ. ಏನೂ ಇಲ್ಲದೆ ತಿಳಿಯಾಗಿದ್ದರೂ ಸರಿಯೇ, ಕೂಸುಗಳ ಕೈಗೆ ದೃಷ್ಟಿಮಣಿಯಾಗುತ್ತದೆ. ಎಲೆ, ತೊಗಟೆ, ಹೂವಿನ ಎಸಳು ಇದ್ದರೆ ಮಾತ್ರ ಅದರ ಹೆಸರು ಕಸ. ಕಸ ಕಂಡರೆ ಅದು ಹೋಗುವವರೆಗೆ ಅರ ಆಡಿಸುವುದು ಕಸುಬಿನ ಕ್ರಮ. ಮದುವೆಯಾದ ಹೊಸತರಲ್ಲಿ ಬಸಿಲಿಯಾಳೂ ಬೇಕಾದಷ್ಟು ಕಾಡನ್ನು ಹೀಗೆ ಪುಡಿ ಮಾಡಿ, ಆ ಪುಡಿಯನ್ನು ಮನೆಯ ಸಂತನ ಮುಂದೆ ಕೆಂಡಕ್ಕೆ ಸುರಿದು ಧೂಪ ಹಾಕಿದ್ದಾಳೆ. ಆಮೇಲೆ ಬಿಟ್ಟಳು. ಎಲೆಯ ಅಂಚು ಕಂಡಲ್ಲಿ ಅವಳ ಕೈ ನಿಲ್ಲುತ್ತಿತ್ತು. ಹೊಳಪು ಅರ್ಧಕ್ಕೇ ಬಿಡುತ್ತಾಳೆಂದು ಬೈದವರುಂಟು. ಕಸದ ಬಸಿಲಿಯಾ ಎಂಬ ಹೆಸರು ಹಾಗೆ ಬಂತು.

ಅವಳಿಗೆ ಹೆಚ್ಚು ಕೆಲಸ ಕೊಡುವವನು ಲಿಸಾಂದ್ರೊ ಎಂಬ ವ್ಯಾಪಾರಿ. ಇದನ್ನು ಬರೆಯುತ್ತಿರುವವನೂ ಅವನೇ. ಕತೆ ಅವಳದ್ದಾದ್ದರಿಂದ ಅವನಿಗೆ ಮೂಲೆಯ ಜಾಗ ಸಾಕು.

ಗಂಡ ಫಿದೆನ್ಸಿಯೊ ಗುಡ್ಡ ಕೊರೆಯುವವನು. ಅಂಬರಿನ ಪದರ ಎಲ್ಲಿ ಸಿಕ್ಕಿತೆಂದು ಕೊರೆಯುವವರು ಹೆಂಡತಿಗೂ ಹೇಳುವುದಿಲ್ಲ. ಹೇಳಿದರೆ ಪದರ ಮುನಿಸಿಕೊಂಡು ಬರಿಗಲ್ಲಾಗುತ್ತದಂತೆ. ಕೇಳಿದರೆ ಫಿದೆನ್ಸಿಯೊ ಗಲ್ಲ ಎತ್ತಿ ‘ಆ ಕಡೆ’ ಅನ್ನುತ್ತಿದ್ದ. ಆ ಕಡೆ ಇರುವುದು ಎರಡು ಗುಡ್ಡ: ಹೊಳೆಯ ಎಡಕ್ಕೆ ಹಬಾಲಿ, ಬೂದು ಬಣ್ಣದ ಜೇಡಿಮಣ್ಣಿನದ್ದು, ಬಲಕ್ಕೆ ನರಾಂಹೊ, ಕೆಂಪುಮಣ್ಣಿನದ್ದು. ಎರಡರಲ್ಲೂ ಇಲಿಬಿಲದ ಹಾಗೆ ನೂರಾರು ಸುರಂಗ. ಕಾಲಿನ ಮಣ್ಣು ಕಂಡರೆ ಗುಡ್ಡ ಗೊತ್ತಾಗಿಬಿಡುತ್ತದೆ, ಅದಕ್ಕೇ ಕೊರೆಯುವವರು ಹೊಳೆಯಲ್ಲಿ ಬೂಟು ತೊಳೆಯದೆ ಊರೊಳಗೆ ಕಾಲಿಡುವುದಿಲ್ಲ. ಉಂಡೆಗಳನ್ನೂ ಅಲ್ಲೇ ತೊಳೆಯುತ್ತಾರೆ. ಸಂಜೆ ಮನೆಗೆ ಬಂದ ಫಿದೆನ್ಸಿಯೊನ ರಬ್ಬರ್ ಬೂಟು ಪಾದ್ರಿಯ ಬೂಟಿಗಿಂತ ಚೊಕ್ಕವಾಗಿರುತ್ತಿತ್ತು.

ಆದರೆ ಉಂಡೆಯ ಹೊಟ್ಟೆಯೊಳಗಿನದನ್ನು ತೊಳೆಯಲು ಅವನಿಗೂ ಬರುತ್ತಿರಲಿಲ್ಲ. ಅವನು ತಂದವುಗಳಲ್ಲಿ ಮೂರಕ್ಕೊಂದರಲ್ಲಿ ಒಂದೇ ಬಗೆಯ ಹೂವು. ಕಡಲೆಯಷ್ಟು ಗಾತ್ರ, ಐದು ಎಸಳು, ಐದೂ ಒಂದೇ ಕಡೆಗೆ ತಿರುಚಿಕೊಂಡು ಗಿರಿಗಿಟ್ಟಿಯ ಹಾಗೆ, ನಡುವೆ ಕೂದಲಿಗಿಂತ ಸಣ್ಣ ಎಳೆಗಳು. ಬೇರೆ ಯಾರ ಉಂಡೆಯಲ್ಲೂ ಆ ಹೂವು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬಸಿಲಿಯಾಳ ತರ್ಕ ಅಂಗಳ ಗುಡಿಸುವವಳ ತರ್ಕ: ಹೂವು ಗಿಡದ ಬುಡದಲ್ಲೇ ಉದುರುತ್ತದೆ. ಯಾವುದೋ ಕಾಲದಲ್ಲಿ ಅಂಟು ಸುರಿಸುತ್ತಿದ್ದ ಮರದ ಪಕ್ಕ ಈ ಹೂವಿನ ಗಿಡವೊಂದಿತ್ತು, ಅದರ ನೆರಳಿನಷ್ಟು ಜಾಗದಲ್ಲಿ ತನ್ನ ಗಂಡ ಕೊರೆಯುತ್ತಿದ್ದಾನೆ. ಆ ನೆರಳು ಯಾವ ಗುಡ್ಡದೊಳಗಿದೆ ಎಂಬುದೊಂದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯವೂ ಆಗ ಇರಲಿಲ್ಲ. ಗಂಡ ಸಂಜೆ ಮನೆಗೆ ಬರುತ್ತಿದ್ದ.

ಹನ್ನೊಂದು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಮೆಕ್ಕೆಜೋಳದ ಪೊಸೋಲ್ ತುಂಬಿದ ಬಾಟಲಿಯನ್ನು ಹೆಗಲಿಗೆ ಹಾಕಿಕೊಂಡು ಹೋದವನು ಬರಲಿಲ್ಲ. ಮಧ್ಯಾಹ್ನ ಹಿಡಿದ ಮಳೆಗೆ ಎರಡೂ ಗುಡ್ಡಗಳು ನಲವತ್ತು ಕಡೆ ಜಾರಿದವು. ಊರಿನ ಗಂಡಸರು ಒಂಬತ್ತು ದಿನ ಗುದ್ದಲಿ ಹಿಡಿದರು. ಎಲ್ಲಿ ಅಗೆಯಬೇಕೆಂದು ಗೊತ್ತಿದ್ದವನು ಒಬ್ಬನೇ, ಅವನು ಒಳಗಿದ್ದ.

ನವೆಂಬರಿನಲ್ಲಿ ಸತ್ತವರ ಹಬ್ಬ, ಸತ್ತವರು ಮನೆಗೆ ಬಂದು ಹೋಗುವ ದಿನ. ಊರೆಲ್ಲ ಚೆಂಡುಹೂವು, ಮೇಣದಬತ್ತಿ, ತಮಾಲ್ ಎಂಬ ಮೆಕ್ಕೆಜೋಳದ ಕಡುಬಿನ ಬುಟ್ಟಿ ಹೊತ್ತು ಸ್ಮಶಾನಕ್ಕೆ ಹೋಗಿ ತಂತಮ್ಮ ಗೋರಿಯ ಪಕ್ಕ ಕೂತು ಉಣ್ಣುತ್ತದೆ. ಬಸಿಲಿಯಾಗೆ ಗೋರಿಯಿಲ್ಲ. ಅವಳ ಮಗಳಿಗೆ ಹೆಸರಿಡುವಾಗ ಎತ್ತಿಕೊಂಡಿದ್ದ ಒತಿಲಿಯಾ, ಅಂದರೆ ಅವಳ ಕೊಮಾದ್ರೆ, ತನ್ನ ಗಂಡನ ಗೋರಿಯ ಅಂಚಿನಲ್ಲಿ ಜಾಗ ಕೊಡುತ್ತಿದ್ದಳು.

“ಬದುಕಿದ್ದಾಗ ಈ ಮನುಷ್ಯನಿಗೆ ನನ್ನೊಬ್ಬಳನ್ನ ಸಾಕೋಕೆ ಆಗ್ಲಿಲ್ಲ,” ಅನ್ನುತ್ತಿದ್ದಳು ಒತಿಲಿಯಾ. “ಈಗ ನೋಡು, ಇಬ್ರು ಇವನ ತಲೆ ಮೇಲೆ ಕೂತು ಉಣ್ತಿದೀವಿ.”

ಬಸಿಲಿಯಾ ನಗುತ್ತಿದ್ದಳು. ಆದರೆ ತಂದ ಮೇಣದಬತ್ತಿಯನ್ನು ಅಲ್ಲಿ ಹಚ್ಚುತ್ತಿರಲಿಲ್ಲ, ಹಾಗೆಯೇ ಮನೆಗೆ ಒಯ್ಯುತ್ತಿದ್ದಳು. ಮನೆಯ ದಾರಿ ಅವನಿಗೆ ಗೊತ್ತು, ದೀಪ ಬೇಕಾದದ್ದು ಅವನು ಹೊರಡುವ ಕಡೆಯಲ್ಲಿ ಎಂಬುದು ಅವಳ ವಾದ. ಹತ್ತು ನವೆಂಬರ್ ಕಳೆದ ಮೇಲೆ ಅವಳಿಗೆ ಬೇಕಾಗಿದ್ದುದು ಗಂಡನ ಮೂಳೆ ಮತ್ತು ಅದನ್ನು ಮುಚ್ಚಲು ಆರಡಿ ಮಣ್ಣು. ಬೇರೇನನ್ನೂ ಅವಳು ಯಾರ ಹತ್ತಿರವೂ ಕೇಳಿದ್ದಿಲ್ಲ.

ಹನ್ನೊಂದನೆಯ ಹಬ್ಬ ಮುಗಿದ ವಾರ ಲಿಸಾಂದ್ರೊ ಒಂದು ಚೀಲ ಉಂಡೆ ತಂದು ಅವಳ ಮುಂದೆ ಸುರಿದ. ನಾಲ್ಕನೆಯದಕ್ಕೆ ಕಿಟಕಿ ತೆಗೆದಾಗ ಅವಳ ಕೈ ನಿಂತಿತು. ಭೂತಗನ್ನಡಿ ಇಟ್ಟು ನೋಡಿದಳು, ತೆಗೆದು ಬರಿಗಣ್ಣಲ್ಲಿ ನೋಡಿದಳು, ಬಿಸಿಲಿಗೆ ಹಿಡಿದಳು. ಐದು ಎಸಳು, ಐದೂ ಒಂದೇ ಕಡೆಗೆ.

ಕಿಟಕಿ ತೆಗೆಯುವವರು ಮಾಲು ಎಲ್ಲಿಯದೆಂದು ಕೇಳಬಾರದು. ಕೇಳಿದವರಿಗೆ ನಿಜ ಹೇಳಬಾರದು. ಇದು ಕಾನೂನಲ್ಲ, ಮರ್ಯಾದೆ. ಹಬಾಲಿಯ ಮಾಲನ್ನು ನರಾಂಹೊದ್ದು ಎನ್ನಬೇಕು, ನರಾಂಹೊದ್ದನ್ನು ಹಬಾಲಿಯದ್ದು ಎನ್ನಬೇಕು, ಕೇಳಿದವನು ಅದನ್ನು ತಿರುವಿ ಹಾಕಿಕೊಂಡು ಸುಮ್ಮನಾಗಬೇಕು. ಗುಡ್ಡ ತಿಳಿದರೂ ಸುರಂಗದ ಬಾಯಿ ತಿಳಿಯುವುದಿಲ್ಲವಾದ್ದರಿಂದ ಯಾರಿಗೂ ನಷ್ಟವಿಲ್ಲ. ಅವಳು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿದವಳಲ್ಲ. ಅವತ್ತು ತಲೆ ಎತ್ತದೆ ಕೇಳಿದಳು.

“ಇದು ಯಾವ ಗುಡ್ಡದ್ದು, ದೋನ್ ಲಿಸಾಂದ್ರೊ?”

ಅನಿರೀಕ್ಷಿತವಾಗಿ ಬಂದ ಪ್ರಶ್ನೆಗೆ ಲಿಸಾಂದ್ರೊನ ಬಾಯಿಂದ ನಿಜ ಜಾರಿಬಿಟ್ಟಿತು. “ಹಬಾಲಿ,” ಅಂದ. ಅಂದದ್ದಕ್ಕೆ ತನಗೇ ನಗು ಬಂತು. ಆ ನಗುವೇ ಕೆಡಿಸಿತು. ಪೇಟೆಯಲ್ಲಿ ಸುಳ್ಳು ಹೇಳುವಾಗ ಅವನು ನಗುವುದು ಹಾಗೆಯೇ.

ಅವಳು ಆ ಸಂಜೆಯೇ ಒತಿಲಿಯಾಳ ಬಳಿ ಹೋದಳು. ಒತಿಲಿಯಾಗೆ ಸಂಶಯವೇ ಇರಲಿಲ್ಲ. “ಅವನು ಹಬಾಲಿ ಅಂದ ಅಂದ್ರೆ ನರಾಂಹೊ. ಆ ಮನುಷ್ಯ ಇವತ್ತು ಭಾನುವಾರ ಅಂದ್ರೂ ನಾನು ಕ್ಯಾಲೆಂಡರ್ ನೋಡ್ತೀನಿ ಕೊಮಾದ್ರೆ.”

ಹಾಗೆ ಬಸಿಲಿಯಾ ನರಾಂಹೊ ಗುಡ್ಡ ಹತ್ತಿದಳು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ, ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿ, ನಾಲ್ಕು ರೊಟ್ಟಿ, ಒಂದಿಷ್ಟು ಕರಿ ಬೀನ್ಸ್ ಕಟ್ಟಿಕೊಂಡು ಹೋಗುವಳು. ಸುರಂಗದ ಬಾಯಿಗಳ ಮುಂದೆ ಒಳಗಿಂದ ತಂದು ಸುರಿದ ಮಣ್ಣಿನ ರಾಶಿ ಇರುತ್ತದೆ. ಅದರಲ್ಲಿ ಕೊರೆಯುವವರು ಬೇಡವೆಂದು ಬಿಟ್ಟ ಅಂಬರಿನ ಚೂರು ಇರುತ್ತದೆ, ಅಕ್ಕಿಯಷ್ಟು, ಬೇಳೆಯಷ್ಟು. ಅವಳು ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಆರಿಸಿ, ಎಂಜಲು ಹಚ್ಚಿ ಒರೆಸಿ, ಒಂದೊಂದನ್ನೂ ಬಿಸಿಲಿಗೆ ಹಿಡಿಯುತ್ತಿದ್ದಳು. ಯಾವ ಬಾಯಿಯ ರಾಶಿಯಲ್ಲಿ ತಿರುಚಿದ ಎಸಳು ಸಿಗುತ್ತದೋ ಅದರ ಆಸುಪಾಸಿನಲ್ಲೇ ಗಂಡ.

ಮೊದಮೊದಲು ಗಂಡಸರು ಅವಳು ಕದಿಯಲು ಬಂದಿದ್ದಾಳೆಂದು ಗುರುಗುಟ್ಟಿದರು. ಚೂರುಗಳನ್ನು ಅಲ್ಲೇ ಬಿಟ್ಟು ಏಳುವುದನ್ನು ಕಂಡ ಮೇಲೆ ಹುಚ್ಚಿಗೆ ಲೆಕ್ಕ ಹಾಕಿ ಪೊಸೋಲ್ ಕುಡಿಸಿದರು. ಅವಳು ಎಸಳು ಹುಡುಕುತ್ತಿರುವುದನ್ನು ಒತಿಲಿಯಾಳನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ರಾಶಿ ಮುನಿಸಿಕೊಂಡೀತು ಎಂದು ಅವಳಿಗೂ ಅನ್ನಿಸಿರಬೇಕು. ಕೊರೆಯುವವನ ಹೆಂಡತಿ ತಾನೆ. ನೂರಕ್ಕೂ ಹೆಚ್ಚು ಬಾಯಿಗಳಿದ್ದವು. ಒಂದು ಭಾನುವಾರಕ್ಕೆ ಎರಡು, ಕೈ ಸಾಗಿದರೆ ಮೂರು.

ಆ ಹೊತ್ತಿಗೆ ಆ ಹೂವಿಗೆ ಗಿರಾಕಿ ಹುಟ್ಟಿದ್ದ. ಮೊಂತೆರ್ರೆಯ್ ಕಡೆಯ ಒಬ್ಬ ಸಂಗ್ರಹಕಾರ, ಇರುವೆ ಜೇಡಗಳನ್ನು ನೊಣದ ಹಾಗೆ ಕೈಯಿಂದ ಓಡಿಸಿ ‘ನನಗೆ ಹೂವು ಬೇಕು’ ಎಂದವನು. ಎಂದೂ ಬೆಲೆಯಿಲ್ಲದ ಕಸಕ್ಕೆ ಬೆಲೆ ಬಂದಿತ್ತು. ಲಿಸಾಂದ್ರೊ ವಾರವಾರವೂ ಉಂಡೆ ತಂದು ಬಸಿಲಿಯಾಳ ಮುಂದೆ ಸುರಿಯುತ್ತಿದ್ದ. ಹೂವಿನ ಮೇಲೆ ಎಳ್ಳಷ್ಟು ದಪ್ಪ ಮಾತ್ರ ಉಳಿಸಿ ಕಿಟಕಿ ತೆಗೆಯುವ ಕೈ ಅವಳೊಬ್ಬಳದೇ ಆಗಿತ್ತು. ಗಿರಾಕಿ ಹೇಳಿದ್ದನ್ನು ಲಿಸಾಂದ್ರೊ ಅವಳಿಗೂ ಹೇಳಿದ: ಇದು ಎರಡು ಕೋಟಿ ವರ್ಷದ ಹೂವಂತೆ.

“ಎರಡು ಕೋಟಿ ವರ್ಷ ಆದ್ರೂ ಬಿದ್ದ ಜಾಗದಲ್ಲೇ ಇತ್ತಲ್ಲ,” ಅಂದಳು ಬಸಿಲಿಯಾ. “ಎಲ್ಲಿಗೆ ಹೋಗ್ತೀವಿ ಅಂತ ಹೇಳದೆ ಹೋಗೋರು ಗಂಡಸರೇ.”

ಆ ಹೂವಿನ ಉಂಡೆಗಳಿಂದ ಉದುರಿದ ಪುಡಿಯನ್ನು ಅವಳು ಬೇರೆ ಪುಡಿಯ ಜೊತೆ ಬೆರೆಸುತ್ತಿರಲಿಲ್ಲ. ಕಾಫಿಯ ಹಳೆಯ ಡಬ್ಬಿಯೊಂದರಲ್ಲಿ ತುಂಬಿಡುತ್ತಿದ್ದಳು. ಲಿಸಾಂದ್ರೊ ಅದನ್ನು ನೋಡಿದ್ದ, ಕೇಳಿರಲಿಲ್ಲ. ಫೆಬ್ರವರಿಯ ಒಂದು ಸೋಮವಾರ ಅವನು ನೋಡಿದ್ದು ಅವಳ ಚಪ್ಪಲಿಯನ್ನು. ಬೆಂಚಿನ ಕೆಳಗೆ ಬಿಟ್ಟಿದ್ದಳು. ಅಂಚಿನಲ್ಲೆಲ್ಲ ಒಣಗಿದ ಕೆಂಪುಮಣ್ಣು. ಅವಳು ಕೊರೆಯುವವಳಲ್ಲ, ಹೊಳೆಯಲ್ಲಿ ತೊಳೆಯುವ ಬುದ್ಧಿ ಅವಳಿಗಿರಲಿಲ್ಲ. ಅವನು ಚೌಕದ ಆಚೆ ಕಾಫಿ ಮಾರುವ ಒತಿಲಿಯಾಳ ಹತ್ತಿರ ಹೋಗಿ, ನಿಮ್ಮ ಕೊಮಾದ್ರೆಗೆ ನರಾಂಹೊದಲ್ಲೇನು ಕೆಲಸ ಎಂದು ವಿಚಾರಿಸಿದ.

“ಗಂಡನ್ನ ಹುಡುಕ್ತಾಳೆ,” ಅಂದಳು ಒತಿಲಿಯಾ, ಲೋಟ ಅವನ ಕಡೆ ದೂಡುತ್ತ. “ನಿಮ್ಮ ಕಲ್ಲಲ್ಲಿ ಇರೋದು ಅವನು ತರ್ತಿದ್ದ ಹೂವಂತೆ. ನೀವು ಹಬಾಲಿ ಅಂದ್ರಂತಲ್ಲ, ಅದಕ್ಕೇ ನರಾಂಹೊಗೆ ಹೋಗ್ತಾಳೆ. ನಾವೇನು ನಿಮ್ಮನ್ನ ಇವತ್ತು ಮೊದಲನೇ ಸಲ ನೋಡ್ತಿದೀವಾ ದೋನ್?”

ಲಿಸಾಂದ್ರೊ ಕಾಫಿ ಕುಡಿದ. ಮನಸ್ಸಿನಲ್ಲೇ ತೂಗಿ ನೋಡಿದ. ಬಸಿಲಿಯಾ ಹಬಾಲಿಗೆ ಹೋದರೆ ಒಂದಲ್ಲ ಒಂದು ಭಾನುವಾರ ಎಲಾದಿಯೊ ಕೊರೆಯುತ್ತಿರುವ ಬಾಯಿಯ ಮುಂದೆ ಕೂತಿರುತ್ತಾಳೆ. ಎಲಾದಿಯೊನೇ ಈ ಹೂವಿನ ಉಂಡೆ ತರುವವನು. ಹೂವಿನ ಪದರ ಅಲ್ಲಿದೆಯೆಂದು ತಿಳಿದರೆ ಮುಂದಿನ ಭಾನುವಾರ ಅರ್ಧ ಊರು ಸುತ್ತಿಗೆ ಉಳಿ ಹಿಡಿದು ಅಲ್ಲಿರುತ್ತದೆ. ಸತ್ತವನಿಗೆ ಅವಸರವಿಲ್ಲ, ಗಿರಾಕಿಗೆ ಇದೆ. ಈಸ್ಟರ್ ಕಳೆಯಲಿ, ಹೇಳಿದರಾಯಿತು ಅಂದುಕೊಂಡ.

ಈಸ್ಟರಿಗೆ ಮೊದಲು ಅವಳೇ ಮತ್ತೊಮ್ಮೆ ಕೇಳಿದಳು. ಅರ್ಧ ಗುಡ್ಡ ಮುಗಿದಿತ್ತು, ಒಂದು ಎಸಳೂ ಸಿಕ್ಕಿರಲಿಲ್ಲ, ಮೊಣಕಾಲು ಊದಿಕೊಂಡಿತ್ತು. “ಇವು ಇನ್ನೂ ಅದೇ ಗುಡ್ಡದ್ದಾ ದೋನ್ ಲಿಸಾಂದ್ರೊ?”

“ಅದೇ. ಹಬಾಲಿ,” ಅಂದ ಅವನು. ಈ ಸಲ ಬೇಕೆಂದೇ ನಕ್ಕ.

ಮೊದಲನೆಯದು ಬಾಯಿ ಜಾರಿದ್ದು. ಎರಡನೆಯದಕ್ಕೆ ಆ ಹೆಸರಿಲ್ಲ. ನಿಜವನ್ನು ಸುಳ್ಳಿನ ಬದಲಿಗೆ ಚಲಾಯಿಸಿದವನು ಈ ಪೇಟೆಯಲ್ಲಿ ಅವನೊಬ್ಬನೇ ಇರಬೇಕು. ಅವಳು ತಲೆಯಾಡಿಸಿ ಮುಂದಿನ ಭಾನುವಾರವೂ ಕೆಂಪುಮಣ್ಣು ತುಳಿಯಲು ಹೋದಳು.

ಮೇ ಹದಿನೆಂಟರಂದು ಎಲಾದಿಯೊ ಲಿಸಾಂದ್ರೊನ ಅಂಗಡಿಗೆ ಬಂದ. ಬೂಟು ತೊಳೆದಿರಲಿಲ್ಲ, ಬೂದು ಮಣ್ಣು ಹೊಸ್ತಿಲ ಮೇಲೆಲ್ಲ ಅಂಟಿತು. ಎಡಗಡೆಯ ಕವಲು ಕೊರೆಯುವಾಗ ಗೋಡೆ ಕುಸಿದು ಹಳೆಯ ಸುರಂಗವೊಂದು ತೆರೆದುಕೊಂಡಿತ್ತಂತೆ. ಅಲ್ಲಿ ಒಂದು ರಬ್ಬರ್ ಬೂಟು, ಬೂಟಿನೊಳಗೆ ಕಾಲಿನ ಮೂಳೆ, ಪಕ್ಕದಲ್ಲಿ ಹಿಡಿ ಕೊಳೆತ ಸುತ್ತಿಗೆ. ಎಲಾದಿಯೊ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆ ಕವಲನ್ನು ಮಣ್ಣಿನಿಂದ ಮುಚ್ಚಿ ಬಂದಿದ್ದ. ಸುದ್ದಿ ಹೊರಬಿದ್ದರೆ ಊರ ಸಭೆ ಸುರಂಗಕ್ಕೆ ಬೀಗ ಹಾಕುತ್ತದೆ, ಸರಕಾರದವರು ಬರುತ್ತಾರೆ. ಬಲಗಡೆಯಲ್ಲಿ ಇನ್ನೊಂದಿಷ್ಟು ಮಾಲಿದೆ, ಅದನ್ನು ತೆಗೆದುಬಿಡುತ್ತೇನೆ, ಆಮೇಲೆ ಬಸಿಲಿಯಾಗೆ ನೀವೇ ಹೇಳಿ ಎಂದು ಬೇಡಿಕೊಂಡ. ಸಂಗ್ರಹಕಾರ ಬರುವುದು ಜೂನ್ ಎಂಟಕ್ಕಿತ್ತು. ಲಿಸಾಂದ್ರೊ ಒಪ್ಪಿದ.

ಮಳೆ ಜೂನ್ ಆರಕ್ಕೇ ಬಂತು. ಹಬಾಲಿಯ ಆ ಮಗ್ಗುಲು ಬೆಳಿಗ್ಗೆ ಹತ್ತು ಗಂಟೆಗೆ ಕೆಳಗಿಳಿಯಿತು. ಎಲಾದಿಯೊ ಹೊಳೆ ದಾಟಲಾಗದೆ ಈಚೆ ದಡದಲ್ಲಿದ್ದ, ಉಳಿದುಕೊಂಡ. ಸುರಂಗದ ಬಾಯಿ ಇದ್ದಲ್ಲಿ ಊರ ಚೌಕದಷ್ಟು ಅಗಲದ ಬೂದು ಕೆಸರು ಹರಡಿಕೊಂಡಿತ್ತು, ಅದರ ಮೇಲೆ ತಲೆಕೆಳಗಾದ ಮರಗಳು.

ಮಾರನೆಯ ದಿನ ಲಿಸಾಂದ್ರೊ ಅವಳ ಮನೆಗೆ ಹೋದ. ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಹೂವಿನ ಕಡೆಯ ಉಂಡೆಗೆ ಹೊಳಪು ಕೊಡುತ್ತಿದ್ದಳು. ಅವನು ನಿಂತೇ ಹೇಳಿದ: ಎಲಾದಿಯೊ, ಬೂಟು, ಸುತ್ತಿಗೆ, ಈಗ ಮೇಲೆ ಬಿದ್ದಿರುವ ಮಣ್ಣು. ಅವಳು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು.

“ಹಬಾಲಿನಾ?”

“ಹಬಾಲಿ.”

“ಮೊದಲೇ ಹೇಳಿದ್ರಿ ನೀವು. ಎರಡು ಸಲ 'ಹಬಾಲಿ' ಅಂದ್ರಿ.” ಅವಳ ದನಿಯಲ್ಲಿ ಕೋಪವಿರಲಿಲ್ಲ. “ನಾನೇ ನಂಬಲಿಲ್ಲ.”

ಇದಕ್ಕಿಂತ ಅಗ್ಗದಲ್ಲಿ ಯಾವ ವ್ಯವಹಾರವೂ ಲಿಸಾಂದ್ರೊನ ಕೈಗೆ ಬಂದದ್ದಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಅವನು ಸುಮ್ಮನೆಯೇ ಇದ್ದ. ಬಸಿಲಿಯಾ ಉಂಡೆಯನ್ನು ಮತ್ತೆ ಕೈಗೆತ್ತಿಕೊಂಡಳು. ಬಟ್ಟೆ ಎರಡು ಸುತ್ತು ತಿರುಗಿ ನಿಂತಿತು.

“ನನ್ನ ಚಪ್ಪಲಿ ಬೆಂಚಿನ ಕೆಳಗೇ ಇರ್ತಿತ್ತು,” ಅಂದಳು. “ಕೆಂಪುಮಣ್ಣು ನಿನ್ನ ಕಣ್ಣಿಗೆ ಬೀಳಲಿಲ್ವಾ?”

ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ದೋನ್ ಬಿದ್ದುಹೋಗಿತ್ತು, ನೀವು ಹೋಗಿ ನೀನು ಬಂದಿತ್ತು.

“ಬಿತ್ತು,” ಅಂದ ಅವನು.

“ಯಾವಾಗ?”

“ಫೆಬ್ರವರಿಯಲ್ಲಿ.”

ಅವಳು ಉಂಡೆಗೆ ಹೊಳಪು ಮುಗಿಸಿ, ಒರೆಸಿ, ಹೂವಿನ ಮುಖ ಮೇಲೆ ಮಾಡಿ ಅವನ ಕೈಗಿಟ್ಟು ಒಳಗೆ ಹೋದಳು. ಅವನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದ. ಕರೆದು ವಾಪಸ್ ಕೊಡಬಹುದಿತ್ತು. ಮರುದಿನ ಸಂಗ್ರಹಕಾರ ಬಂದು ಅದನ್ನೂ ಒಯ್ದ.

ಮಳೆ ನಿಂತ ಮೇಲೆ ಎಲಾದಿಯೊ ಅವಳನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿದ. ಗಲ್ಲ ಎತ್ತಿ ‘ಅಲ್ಲಿ’ ಅಂದ.

“ಕೈ ಎತ್ತಿ ತೋರ್ಸಪ್ಪಾ,” ಅಂದಳು. ಅವನು ಕೈ ಎತ್ತಿದ. ಆ ಕೈ ಅರ್ಧ ಇಳಿಜಾರನ್ನು ಸುತ್ತಿ ಬಂದು ಕೆಳಗಿಳಿಯಿತು. ಗುಡ್ಡ ಕದಲಿದಾಗ ಒಳಗಿದ್ದದ್ದೂ ಕದಲಿರುತ್ತದೆ. ಅಗೆಯುವ ಮಾತನ್ನು ಯಾರೂ ಆಡಲಿಲ್ಲ, ಅವಳೂ ಆಡಲಿಲ್ಲ. ಮಣ್ಣಿನ ಧೂಪಾರತಿಯಲ್ಲಿ ಕೆಂಡ ತಂದಿದ್ದಳು. ಕಾಫಿ ಡಬ್ಬಿಯ ಪುಡಿಯನ್ನು ಹಿಡಿಹಿಡಿಯಾಗಿ ಅದರ ಮೇಲೆ ಸುರಿದಳು. ಹೊಗೆ ಬಿಳಿಯಾಗಿ ಎದ್ದು, ಹಸಿ ಮರದ ಅಂಟಿನ ವಾಸನೆ ಬಂದು, ಡಬ್ಬಿ ಬರಿದಾಗುವವರೆಗೆ ಕೆಸರಿನ ಮೇಲೆಯೇ ಸುಳಿದಾಡಿತು.

ಆ ನವೆಂಬರಿನಲ್ಲಿ ಅವಳು ಚೆಂಡುಹೂವು ಮತ್ತು ಬುಟ್ಟಿ ಹೊತ್ತು ಸ್ಮಶಾನದ ದಾರಿ ಬಿಟ್ಟು ಹೊಳೆ ದಾಟಿದಳು. ಒತಿಲಿಯಾ ತನ್ನ ಗಂಡನನ್ನು ಹೆಣ್ಣುಮಕ್ಕಳಿಗೆ ಒಪ್ಪಿಸಿ ಜೊತೆಗೆ ಹೋದಳು. ಅಷ್ಟಗಲದ ಮಣ್ಣನ್ನು ನೋಡಿ, “ಎಲ್ಲಿ ಕೂರೋದು ಕೊಮಾದ್ರೆ? ಅವನ ಎದೆ ಮೇಲೋ, ಕಾಲ ಮೇಲೋ?” ಎಂದು ಕೇಳಿದಳಂತೆ.

“ಎಲ್ಲಿ ಬೇಕಾದ್ರೂ ಕೂತ್ಕೋ,” ಅಂದಳಂತೆ ಬಸಿಲಿಯಾ. “ಅವನಂತೂ ಹೇಳಲ್ಲ.”

ಹಿಂದೆ ಹಚ್ಚದೆ ಮನೆಗೆ ಒಯ್ದಿದ್ದ ಬತ್ತಿಗಳನ್ನೆಲ್ಲ ಆ ದಿನ ಇಳಿಜಾರಿನುದ್ದಕ್ಕೂ ಒಂದೊಂದು ಕಡೆ ಒಂದೊಂದರಂತೆ ನೆಟ್ಟು ಹಚ್ಚಿದಳು. ಯಾವುದೋ ಒಂದು ಹತ್ತಿರವಿದ್ದೀತು ಎಂಬ ಲೆಕ್ಕ. ಗಾಳಿಗೆ ಹೆಚ್ಚಿನವು ಆರಿಹೋದವು.

ಈಗಲೂ ಅವಳು ಕಿಟಕಿ ತೆಗೆಯುತ್ತಾಳೆ, ಲಿಸಾಂದ್ರೊನ ಉಂಡೆಗಳಿಗೂ. ಕೇಳದಿದ್ದರೂ ಅವನು ಗುಡ್ಡದ ಹೆಸರು ಹೇಳುತ್ತಾನೆ. ಅವಳು ಕೇಳಿಸಿಕೊಂಡ ಹಾಗೆ ಕಾಣುವುದಿಲ್ಲ. ಆ ಹೂವು ಮತ್ತೆ ಯಾರ ಮಾಲಿನಲ್ಲೂ ಬಂದಿಲ್ಲ.

ಮೇ ಹದಿನೆಂಟರಿಂದ ಜೂನ್ ಆರರವರೆಗೆ, ಹತ್ತೊಂಬತ್ತು ದಿನ, ಫಿದೆನ್ಸಿಯೊನ ಮೂಳೆಗಳನ್ನು ಒಂದು ಬುಟ್ಟಿಯಲ್ಲಿ ಊರಿಗೆ ತರಬಹುದಿತ್ತು. ಇದನ್ನು ಬರೆದವನು ಬಸಿಲಿಯಾಗೆ ಒಂದು ಗೋರಿಯ ಬಾಕಿ ಕೊಡಬೇಕು.